ನೀರಲ್ಲಿ ಮುಳುಗುವ ಮರ, ಎಣ್ಣೆ ಕೇಳದ ಮರ

ಬಕೆಟ್ ತುಂಬ ನೀರು ಹಿಡಿದು, ಅಂಗೈಯುದ್ದದ ಆ ಮರದ ಪಟ್ಟಿಯನ್ನು ಮೆಲ್ಲಗೆ ಬಿಟ್ಟೆ. ಡುಬುಕ್! ಕಲ್ಲಿನ ಹಾಗೆ ನೇರ ತಳಕ್ಕೆ ಹೋಗಿ ಕೂತಿತು. ತೆಗೆದು ಇನ್ನೊಮ್ಮೆ ಬಿಟ್ಟೆ. ಮತ್ತೆ ಡುಬುಕ್. ಒಣಗಿದ ತೇಗ ತೇಲುತ್ತದೆ, ಹಲಸು ತೇಲುತ್ತದೆ. ಒಣಗಿ ಎಷ್ಟೋ ವರ್ಷವಾದ ಈ ಪಟ್ಟಿಗೆ ಏನಾಗಿದೆ?

ಕೊಟ್ಟವರು ವ್ಯಾಪಾರಿ ಹಡಗುಗಳಲ್ಲಿ ಫಿಟ್ಟರ್ ಆಗಿದ್ದ ನನ್ನ ಸೋದರಮಾವ. ಯಾವುದೋ ಬಂದರಿನಲ್ಲಿ ಹಳೆಯ ಹಡಗೊಂದರ ಹಿಂಬದಿ ಬಿಚ್ಚಿದಾಗ ಎತ್ತಿಟ್ಟುಕೊಂಡಿದ್ದಂತೆ. “ಮರ ಅಂತ ಹಗುರವಾಗಿ ಹೇಳ್ಬೇಡ ಮಾರಾಯ, ಅದು ಬೇರಿಂಗು” ಎಂದರು. ಮರದ ಬೇರಿಂಗ್! ಅದೂ ಹಡಗಿಗೆ! ಮಾವ ಕತೆ ಕಟ್ಟುತ್ತಿದ್ದಾರೆ ಅಂದುಕೊಂಡೆ. ಹುಡುಕಿ ಓದಲು ಕೂತವನು ರಾತ್ರಿ ಊಟ ಮರೆತೆ.

ಇದರ ಹೆಸರು ಲಿಗ್ನಮ್ ವೈಟೀ. ಲ್ಯಾಟಿನ್‌ನಲ್ಲಿ ‘ಜೀವದ ಮರ’. ಗ್ವಾಯಕಮ್ ಕುಲದ್ದು, ಕೆರಿಬಿಯನ್ ದ್ವೀಪಗಳದ್ದು. ಇದರ ನೀಲಿ ಹೂವೇ ಜಮೈಕಾದ ರಾಷ್ಟ್ರೀಯ ಹೂ. ನೋಡಲು ಗಿಡ್ಡ ಮರ, ಬೆಳೆಯುವುದಂತೂ ಬಸವನಹುಳುವಿನ ವೇಗದಲ್ಲಿ. ಆದರೆ ತೂಕ ನೀರಿನ ಸುಮಾರು 1.2 ಪಟ್ಟು, ಗಡಸುತನ ತೇಗದ ಸುಮಾರು ನಾಲ್ಕು ಪಟ್ಟು! ನಾರುಗಳು ಒಂದು ಪದರದಲ್ಲಿ ಒಂದು ಕಡೆಗೆ ವಾಲಿದರೆ ಮುಂದಿನದರಲ್ಲಿ ಇನ್ನೊಂದು ಕಡೆಗೆ, ಜಡೆ ಹೆಣೆದ ಹಾಗೆ. ಕೊಡಲಿ ಏಟಿಗೆ ಸೀಳಿಕೊಳ್ಳುವುದೇ ಇಲ್ಲ.

ಇಷ್ಟೇ ಆಗಿದ್ದರೆ ಗಟ್ಟಿ ಮರ ಎಂದು ಸುಮ್ಮನಾಗುತ್ತಿದ್ದೆ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿಂದ ಉಜ್ಜಿ ನೋಡಿ. ಬೆಣ್ಣೆ ತೆಗೆದ ಮೇಲಿನ ಕಡೆಗೋಲಿನ ನುಣುಪು! ಇನ್ನಷ್ಟು ಉಜ್ಜಿದರೆ ಬಿಸಿಗೆ ಒಂದು ಸಿಹಿ ಘಮ ಏಳುತ್ತದೆ. ಅದು ರಾಳ. ಮರದ ಮೈತುಂಬ ತುಂಬಿಕೊಂಡಿರುವ ರಾಳ. ಇದರ ಮಾಯವೆಲ್ಲ ಅಲ್ಲೇ ಅಡಗಿದೆ.

ಇಂಗ್ಲೆಂಡಿನಲ್ಲಿ ಜಾನ್ ಹ್ಯಾರಿಸನ್ ಎಂಬ ಬಡಗಿ ಇದ್ದ, ಹುಟ್ಟಿದ್ದು 1693ರಲ್ಲಿ. ಮುಂದೆ ಸಮುದ್ರದ ಮೇಲೆ ರೇಖಾಂಶ ಅಳೆಯುವ ಗಡಿಯಾರ ಮಾಡಿ ಹೆಸರಾದವನು ಇವನೇ. ಆ ಕಾಲದ ಗಡಿಯಾರಗಳಿಗೆ ಎಣ್ಣೆಯೇ ಶತ್ರು. ಹಾಕದಿದ್ದರೆ ಚಕ್ರ ತಿರುಗದು, ಹಾಕಿದರೆ ಕೆಲವು ತಿಂಗಳಲ್ಲಿ ಗಸಿಯಾಗಿ ಗಟ್ಟಿಯಾಗಿ ಸಮಯ ತಪ್ಪುತ್ತದೆ. ಹ್ಯಾರಿಸನ್ ಏನು ಮಾಡಿದ ಗೊತ್ತೇ? ತಾನೇ ಎಣ್ಣೆ ಸುರಿಸುವ ಈ ಮರವನ್ನು ತಂದು ಅಚ್ಚು ತಿರುಗುವ ಜಾಗಕ್ಕೆ ಕೂರಿಸಿಬಿಟ್ಟ! ಸುಮಾರು 1722ರಲ್ಲಿ ಬ್ರಾಕಲ್ಸ್‌ಬಿ ಪಾರ್ಕ್ ಎಂಬಲ್ಲಿ ಅವನು ನಿಲ್ಲಿಸಿದ ಗಡಿಯಾರ ಮುನ್ನೂರು ವರ್ಷ ದಾಟಿಯೂ ಎಣ್ಣೆಯಿಲ್ಲದೆ ಟಿಕ್ ಟಿಕ್ ಅನ್ನುತ್ತಿದೆ. ನಮ್ಮನೆ ಬಾಗಿಲ ಕೀಲಿಗೆ ವರ್ಷಕ್ಕೆರಡು ಸಲ ಕೊಬ್ಬರಿ ಎಣ್ಣೆ ಬೇಕು.

ಇನ್ನು ಮಾವನ ಹಡಗು. ಹಿಂದಿನ ಫ್ಯಾನು ತಿರುಗಿಸುವ ಭಾರೀ ಅಚ್ಚು ಹಡಗಿನ ಮೈ ತೂರಿಕೊಂಡು ನೀರಿಗೆ ಹೋಗಬೇಕಲ್ಲ, ಆ ತೂತಿನಲ್ಲಿ ಇಟ್ಟ ಲೋಹದ ಬೇರಿಂಗುಗಳು ಸವೆದು ಸವೆದು ಹೋಗುತ್ತಿದ್ದವು. 1854ರಲ್ಲಿ ಜಾನ್ ಪೆನ್ ಎಂಬ ಎಂಜಿನಿಯರ್ ಹಿತ್ತಾಳೆ ಕೊಳವೆಯ ಒಳಮೈಗೆ ಉದ್ದುದ್ದ ತೋಡು ಕೊರೆದು ಲಿಗ್ನಮ್ ವೈಟೀ ಪಟ್ಟಿಗಳನ್ನು ಜೋಡಿಸಿ ಪೇಟೆಂಟ್ ಪಡೆದ. ಪಟ್ಟಿಗಳ ನಡುವಿನ ಸಂದಿಯಲ್ಲಿ ಸಮುದ್ರದ ನೀರು ಹರಿಯುತ್ತದೆ. ನೀರು, ರಾಳ ಸೇರಿ ಜಾರುವ ಹಾಸಾಗುತ್ತದೆ. ಯಾವ ಉಪ್ಪುನೀರು ಕಬ್ಬಿಣವನ್ನೇ ತಿಂದುಹಾಕುತ್ತದೋ ಅದೇ ಇಲ್ಲಿ ಕೀಲೆಣ್ಣೆ! ನೂರು ವರ್ಷ ಕಳೆದು 1954ರಲ್ಲಿ ಜಗತ್ತಿನ ಮೊದಲ ಅಣುಶಕ್ತಿ ಜಲಾಂತರ್ಗಾಮಿ ನಾಟಿಲಸ್ ನೀರಿಗಿಳಿಯಿತು. ಹೊಟ್ಟೆಯಲ್ಲಿ ಅಣು ರಿಯಾಕ್ಟರು, ಅಚ್ಚಿನ ಕೆಳಗೆ ಇದೇ ಮರ.

ಹಾಗಾದರೆ ‘ಜೀವದ ಮರ’ ಅನ್ನುವ ಹೆಸರು? ಅದೊಂದು ವಿಷಾದದ ಕತೆ. ಹದಿನಾರನೇ ಶತಮಾನದಲ್ಲಿ ಸಿಫಿಲಿಸ್ ಯೂರೋಪನ್ನು ಹಿಂಡುತ್ತಿತ್ತು. ರೋಗ ಬಂದ ಸೀಮೆಯಲ್ಲೇ ಮದ್ದೂ ಇರಬೇಕೆಂದು ನಂಬಿ, ಈ ಮರದ ಹೊಟ್ಟು ಕುದಿಸಿ ಕಷಾಯ ಕುಡಿದರು. ಉಲ್ರಿಚ್ ಫಾನ್ ಹುಟ್ಟೆನ್ ಎಂಬ ಜರ್ಮನ್ ಬರಹಗಾರ ತನಗೆ ವಾಸಿಯಾಯಿತೆಂದು 1519ರಲ್ಲಿ ಪುಸ್ತಕವನ್ನೇ ಬರೆದ. 1523ರಲ್ಲಿ ಅದೇ ರೋಗದಿಂದ ತೀರಿಕೊಂಡ.

ಕ್ರಿಕೆಟ್ಟಿನಲ್ಲೂ ಇದೆ ಎಂದರೆ ನಂಬುತ್ತೀರಾ? ಗಾಳಿ ಜೋರಿರುವ ದಿನ ಹಾರಿಹೋಗದಿರಲೆಂದು ಸ್ಟಂಪ್ ಮೇಲಿಡುವ ಭಾರದ ಬೇಲ್ಸು ಈ ಮರದ್ದು. ಬ್ರಿಟಿಷ್ ಪೊಲೀಸರ ಲಾಠಿಯೂ ಇದರದ್ದಿತ್ತು. ಇಷ್ಟೆಲ್ಲ ಬಳಸಿದ ಮೇಲೆ ಮರ ಉಳಿಯುತ್ತದೆಯೇ? ಇವತ್ತು ಗ್ವಾಯಕಮ್ ಕುಲದ ಎಲ್ಲ ಮರಗಳೂ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಕಣ್ಣಿಡುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ.

ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಮಾತ್ರ ರಕ್ತದ ವಿಷಯ. ಇದೇ ರಾಳಕ್ಕೆ ರಕ್ತ, ಹೈಡ್ರೋಜನ್ ಪೆರಾಕ್ಸೈಡ್ ಎರಡೂ ತಾಗಿದರೆ ನೀಲಿಯಾಗುತ್ತದೆ! ರಕ್ತದೊಳಗಿನ ಹೀಮ್ ಪೆರಾಕ್ಸೈಡನ್ನು ಒಡೆಯುವಂತೆ ಮಾಡಿ ರಾಳದ ಆಮ್ಲಕ್ಕೆ ಬಣ್ಣ ಬರಿಸುತ್ತದೆ. 1887ರ ಮೊದಲ ಕಾದಂಬರಿಯಲ್ಲಿ ಷರ್ಲಾಕ್ ಹೋಮ್ಸ್ ತನ್ನ ಹೊಸ ಪರೀಕ್ಷೆಯನ್ನು ಕೊಚ್ಚಿಕೊಳ್ಳುತ್ತ ಹೀಗಳೆಯುವುದು ಈ ಗ್ವಾಯಕಮ್ ಪರೀಕ್ಷೆಯನ್ನೇ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಲ್ಯಾಬುಗಳಲ್ಲಿ ಹುಡುಕುವ ಕಾರ್ಡಿನ ಕಾಗದಕ್ಕೂ ಇದೇ ರಾಳದ ಲೇಪ. ಈ ಪರೀಕ್ಷೆಗೆ ಮುಂಚೆ ಮೂರು ದಿನ ಹಸಿ ಮೂಲಂಗಿ ತಿನ್ನಬೇಡಿ ಅನ್ನುತ್ತಾರಲ್ಲ? ಮೂಲಂಗಿಯ ಕಿಣ್ವವೂ ರಕ್ತದಂತೆಯೇ ನಟಿಸಿ ಕಾಗದವನ್ನು ಮೋಸಗೊಳಿಸುತ್ತದೆ!

ತಡೆಯಲಾಗಲಿಲ್ಲ. ಪಟ್ಟಿಯ ಮೇಲ್ಮೈ ಬೆಳಕು ಕುಡಿದು ಹಸಿರುಗಪ್ಪಾಗಿತ್ತು. ಬ್ಲೇಡಿನಿಂದ ಕೆರೆದೆ; ಒಳಗೆ ಇನ್ನೂ ಕಂದು ಬಣ್ಣ. ಆ ಹೊಟ್ಟನ್ನು ಸ್ಪಿರಿಟ್ಟಿನಲ್ಲಿ ನೆನೆಸಿಟ್ಟೆ. ಮರುದಿನ ಗಡ್ಡ ಕೆರೆಯುವಾಗ ಆದ ಗಾಯಕ್ಕೆ ಒತ್ತಿದ್ದ ಹತ್ತಿಯ ಮೇಲೆ ಎರಡು ಹನಿ ಬಿಟ್ಟೆ. ಏನೂ ಆಗಲಿಲ್ಲ. ಮೆಡಿಕಲ್ ಶಾಪಿನ ಪೆರಾಕ್ಸೈಡ್ ಒಂದು ಹನಿ ಹಾಕಿದೆ. ಬುಸ್ಸೆಂದು ನೊರೆ ಎದ್ದಿತು, ನೊರೆಯ ಅಂಚಿನಲ್ಲಿ ನೀಲಿ, ಬಟ್ಟೆಗೆ ಹಾಕುವ ನೀಲಿಯ ಹಾಗೆ ದಟ್ಟ ನೀಲಿ!

“ಏನ್ರೀ ಅದು, ಶಾಯಿ ಚೆಲ್ಲಿದ್ರಾ?” ಎಂದಳು ಹೆಂಡತಿ, ಅಡುಗೆಮನೆಯಿಂದಲೇ.