ಜನಸಂದಣಿಯ ವಿಹಾರತಾಣಗಳು ಮತ್ತು ಕುಂದಿದ ವ್ಯಾಧಿಕ್ಷಮತೆ

ಕಳೆದ ಬೇಸಗೆಯ ಒಂದು ಸಂಜೆ ಶ್ರೀಮಠದ ಚಿಕಿತ್ಸಾಲಯಕ್ಕೆ ಹಿರಿಯ ಸದ್ಭಕ್ತರೊಬ್ಬರು ಬಂದರು. ಅವರು ಔಷಧಿಗಾಗಿ ಬಂದಿರಲಿಲ್ಲ. ಅವರ 9 ವರ್ಷದ ಮೊಮ್ಮಗನಿಗೆ ರಕ್ತದ ಕ್ಯಾನ್ಸರ್ ಆಗಿ, ಆಸ್ಪತ್ರೆಯ ಕಠಿಣ ಚಿಕಿತ್ಸೆಯ ಹಂತ ಮುಗಿದು, ಮನೆಯಲ್ಲೇ ಮಾತ್ರೆ ನುಂಗುವ ಹಂತಕ್ಕೆ ಬಂದಿದ್ದನು. ಉದುರಿದ್ದ ಕೂದಲು ಮತ್ತೆ ಬೆಳೆದಿತ್ತು. ಶಾಲೆಯ ಗೆಳೆಯರೆಲ್ಲ ರಜೆಯಲ್ಲಿ ಬಿಡದಿಯ ವಂಡರ್‌ಲಾಕ್ಕೆ ಹೊರಟಿದ್ದರು; ಇವನೂ ಹಟ ಹಿಡಿದಿದ್ದನು. ಕಳುಹಿಸಬಹುದೇ ಎಂಬುದು ಅವರ ಪ್ರಶ್ನೆ. ನಾವು ಕ್ಷಣವೂ ಯೋಚಿಸದೆ ಬೇಡವೆಂದೆವು. ಅವರು ತಲೆಯಾಡಿಸಿ ಹೋದರು.

ವಾರದ ಬಳಿಕ ಹುಡುಗನ ತಾಯಿ ಬಂದರು. "ಬೇಡ ಅನ್ನೋದು ಸುಲಭ ಡಾಕ್ಟ್ರೇ. ಎರಡು ವರ್ಷದಿಂದ ಅವನಿಗೆ ಎಲ್ಲದಕ್ಕೂ ಬೇಡ ಅಂತಲೇ ಹೇಳಿದ್ದೀವಿ. ಯಾಕೆ ಬೇಡ ಅನ್ನೋದನ್ನಾದರೂ ಹೇಳಿ, ನಾನು ಅವನಿಗೆ ಹೇಳಬೇಕು" ಎಂದರು. ನಮ್ಮ ಬಳಿ ಪೂರ್ಣ ಉತ್ತರವಿರಲಿಲ್ಲ. ಹುಡುಗನಿಗೆ ಚಿಕಿತ್ಸೆ ನೀಡುತ್ತಿರುವ ಕ್ಯಾನ್ಸರ್ ತಜ್ಞರಿಗೆ ದೂರವಾಣಿ ಮಾಡಿ ಮಾತನಾಡಿದೆವು, ಗ್ರಂಥಗಳನ್ನು ತೆಗೆದೆವು. ಹಾಗೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂಥ ಮಕ್ಕಳೂ ಹಿರಿಯರೂ ಇರುವ ಮನೆಗಳು ನಮ್ಮ ಓದುಗರಲ್ಲಿ ಕಡಿಮೆಯೇನಲ್ಲ.

ಮೊದಲಿಗೆ ಬಲ ಕುಂದಿದವರು ಯಾರು ಎಂಬುದು ಸ್ಪಷ್ಟವಾಗಬೇಕು. ಕ್ಯಾನ್ಸರಿಗೆ ಔಷಧಿ ಪಡೆಯುತ್ತಿರುವವರು, ಮೂತ್ರಪಿಂಡ ಅಥವಾ ಯಕೃತ್ತಿನ ಕಸಿ ಮಾಡಿಸಿಕೊಂಡವರು, ಗುಲ್ಮವನ್ನು ತೆಗೆಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು, ಎಚ್‌ಐವಿ ಸೋಂಕಿನಿಂದ ಸಿಡಿ4 ಕಣಗಳು 200ಕ್ಕಿಂತ ಕೆಳಗಿಳಿದವರು ಈ ಗುಂಪಿನವರು. ಸಂಧಿವಾತಕ್ಕೋ ಚರ್ಮರೋಗಕ್ಕೋ ದಿನವೂ 20 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಪ್ರೆಡ್ನಿಸೊಲೋನ್ ಮಾತ್ರೆಯನ್ನು ಎರಡು ವಾರಕ್ಕಿಂತ ಹೆಚ್ಚು ಕಾಲ ಸೇವಿಸುವವರೂ ಇದೇ ಗುಂಪಿಗೆ ಸೇರುತ್ತಾರೆ. ತಾವು ಈ ಗುಂಪಿನವರೆಂಬ ಅರಿವೇ ಅವರಲ್ಲಿ ಬಹುತೇಕರಿಗೆ ಇರುವುದಿಲ್ಲ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯವರೂ ಎಚ್ಚರದಿಂದಿರಬೇಕು.

ಚರಕಸಂಹಿತೆಯು ಬಲವನ್ನು ಸಹಜ, ಕಾಲಜ, ಯುಕ್ತಿಕೃತ ಎಂದು ಮೂರು ಬಗೆಯಾಗಿ ಹೇಳುತ್ತದೆ. ಹುಟ್ಟಿನಿಂದ ಬಂದದ್ದು, ವಯಸ್ಸು ಮತ್ತು ಋತುವಿನಿಂದ ಬಂದದ್ದು, ಆಹಾರವಿಹಾರಗಳಿಂದ ಗಳಿಸಿಕೊಂಡದ್ದು. ಕಸಿ ಮಾಡಿಸಿಕೊಂಡವರಲ್ಲಿ ಸಹಜಬಲವನ್ನು ವೈದ್ಯರೇ ಬೇಕೆಂದು ತಗ್ಗಿಸಿರುತ್ತಾರೆ. ಇಲ್ಲವಾದರೆ ದೇಹವು ಹೊಸ ಮೂತ್ರಪಿಂಡವನ್ನು ಪರಕೀಯವೆಂದು ತಿಳಿದು ನಾಶಮಾಡುತ್ತದೆ. ನಮ್ಮ ಈ ಹುಡುಗನ ಸ್ಥಿತಿಯೂ ಅಂಥದ್ದೇ. ಅವನು ನುಂಗುವ ಮಾತ್ರೆಗಳ ಪ್ರಮಾಣವನ್ನು ಬಿಳಿರಕ್ತಕಣಗಳು ಒಂದು ಮಟ್ಟಕ್ಕಿಂತ ಏರದಂತೆ ನೋಡಿಯೇ ನಿಗದಿ ಮಾಡುತ್ತಾರೆ. ಹೊರನೋಟಕ್ಕೆ ಮಗು ಗುಂಡುಗುಂಡಾಗಿ ಕಾಣಬಹುದು, ಒಳಗಿನ ಕಾವಲು ಮಾತ್ರ ತೆಳುವಾಗಿರುತ್ತದೆ.

ಇಲ್ಲಿ ನಮ್ಮ ಪದ್ಧತಿಯ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. "ಹೋಗುವ ಮುನ್ನ ಒಂದು ತಿಂಗಳು ಚ್ಯವನಪ್ರಾಶವನ್ನೋ ಅಮೃತಬಳ್ಳಿಯ ಕಷಾಯವನ್ನೋ ಕೊಟ್ಟು ಶಕ್ತಿ ತುಂಬಿಸಿ ಕರೆದೊಯ್ಯಬಹುದಲ್ಲವೇ" ಎಂದು ಕೇಳುವವರಿದ್ದಾರೆ. ಆರೋಗ್ಯವಂತರ ಮಾತು ಬೇರೆ. ಕಸಿ ಮಾಡಿಸಿಕೊಂಡವರಿಗೆ ಅಶ್ವಗಂಧ, ಅಮೃತಬಳ್ಳಿಯಂಥ ಬಲವರ್ಧಕಗಳನ್ನು ಕೊಟ್ಟರೆ, ಆಸ್ಪತ್ರೆಯ ಔಷಧಿ ಯಾವ ಬಲವನ್ನು ತಗ್ಗಿಸುತ್ತಿದೆಯೋ ಅದನ್ನೇ ಕೆಣಕಿದಂತಾಗಬಹುದು. ಹಿತ್ತಲಿನ ಚಕ್ಕೋತದ ಹಣ್ಣು ಕೂಡ ಟ್ಯಾಕ್ರೊಲಿಮಸ್ ಎಂಬ ಕಸಿ ಔಷಧಿಯ ಮಟ್ಟವನ್ನು ರಕ್ತದಲ್ಲಿ ಅಪಾಯಕರವಾಗಿ ಏರಿಸಬಲ್ಲದು. ಆದಕಾರಣ ಚಿಕಿತ್ಸೆ ನಡೆಸುತ್ತಿರುವ ತಜ್ಞರಿಗೆ ತಿಳಿಸದೆ ಒಂದು ಚಮಚ ಲೇಹ್ಯವೂ ಬೇಡ. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳದಿದ್ದರೆ ಬೇರೆ ಯಾರು ಹೇಳಬೇಕು?

ಇನ್ನು ಜನಸಂದಣಿಯ ವಿಚಾರ. ಸ್ಪರ್ಶ, ಉಸಿರು, ಸಹಭೋಜನ, ಒಂದೇ ಆಸನ ಮತ್ತು ವಸ್ತ್ರಗಳ ಬಳಕೆ ಇವುಗಳಿಂದ ಕೆಲವು ರೋಗಗಳು ಒಬ್ಬರಿಂದ ಒಬ್ಬರಿಗೆ ದಾಟುತ್ತವೆಂದು ಸುಶ್ರುತಾಚಾರ್ಯರು ನಿದಾನಸ್ಥಾನದಲ್ಲಿ ಗುರುತಿಸಿದ್ದಾರೆ. ಥೀಮ್ ಪಾರ್ಕಿನಲ್ಲಿ ಇವೆಲ್ಲವೂ ಒಂದೇ ದಿನದಲ್ಲಿ ಒದಗುತ್ತವೆ. ಸರತಿಯ ಸಾಲಿನಲ್ಲಿ ಮುಕ್ಕಾಲು ಗಂಟೆ ಮೈಗೆ ಮೈ ತಾಗುತ್ತದೆ, ಆಟದ ಕುರ್ಚಿಯ ಅಡ್ಡಪಟ್ಟಿಯನ್ನು ಸಾವಿರ ಕೈಗಳು ಹಿಡಿದಿರುತ್ತವೆ, ಮುಚ್ಚಿದ ಚಿತ್ರಮಂದಿರದಲ್ಲಿ ನೂರಾರು ಮಂದಿ ಒಂದೇ ಗಾಳಿಯನ್ನು ಉಸಿರಾಡುತ್ತಾರೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಅನಾಹೈಮ್ ನಗರದಲ್ಲಿ ಡಿಸ್ನಿಲ್ಯಾಂಡ್ ಇದೆ. 2014ರ ಡಿಸೆಂಬರಿನ ರಜೆಯಲ್ಲಿ ಅಲ್ಲಿಗೆ ಹೋದವರಲ್ಲಿ ದಡಾರ ಕಾಣಿಸಿಕೊಂಡಿತು. 2000ದಲ್ಲೇ ದಡಾರವನ್ನು ನಿವಾರಿಸಿದ್ದೇವೆಂದು ಘೋಷಿಸಿದ್ದ ದೇಶವದು. 2015ರ ಫೆಬ್ರವರಿ ಮೊದಲ ವಾರದ ಹೊತ್ತಿಗೆ ಈ ಪ್ರಕರಣಕ್ಕೆ ಸೇರಿದ ರೋಗಿಗಳ ಸಂಖ್ಯೆ 125ಕ್ಕೆ ಏರಿತ್ತು. ಅವರಲ್ಲಿ 110 ಮಂದಿ ಕ್ಯಾಲಿಫೋರ್ನಿಯಾದವರು. ಈ 110ರಲ್ಲಿ ಡಿಸೆಂಬರ್ 17ರಿಂದ 20ರೊಳಗೆ ಉದ್ಯಾನಕ್ಕೆ ಹೋಗಿಬಂದವರು 39 ಮಂದಿ ಮಾತ್ರ. ಉಳಿದವರಲ್ಲಿ ಅನೇಕರಿಗೆ ರೋಗವು ಮನೆಯಲ್ಲೋ ಬೇರೆಡೆಯಲ್ಲೋ ಇನ್ನೊಬ್ಬ ರೋಗಿಯಿಂದ ದಾಟಿತು. 49 ಮಂದಿ ಲಸಿಕೆಯನ್ನೇ ಹಾಕಿಸಿಕೊಂಡಿರಲಿಲ್ಲ, ಅವರಲ್ಲಿ 12 ಮಂದಿ ಲಸಿಕೆಯ ವಯಸ್ಸಿಗೇ ಬಾರದ ಹಸುಳೆಗಳು. ಮೊದಲು ರೋಗವನ್ನು ತಂದವರು ಯಾರೆಂಬುದು ಪತ್ತೆಯಾಗಲಿಲ್ಲ.

ದಡಾರದ ಸ್ವಭಾವವೇ ಹಾಗೆ. ರೋಗಿಯು ಕೋಣೆಯಿಂದ ಹೊರಟು ಹೋದ ಮೇಲೂ ಎರಡು ಗಂಟೆಯವರೆಗೆ ಅದರ ವಿಷಾಣು ಗಾಳಿಯಲ್ಲಿ ಉಳಿದಿರಬಲ್ಲದು. ಮೈಮೇಲೆ ಗುಳ್ಳೆ ಏಳುವುದಕ್ಕೆ 4 ದಿನ ಮೊದಲಿನಿಂದಲೇ ಅದು ಹರಡುತ್ತದೆ. ಆಗ ರೋಗಿಗೆ ನೆಗಡಿ ಜ್ವರದಂತೆ ಮಾತ್ರ ಇರುತ್ತದೆ. ರಕ್ಷಣೆಯಿಲ್ಲದ 10 ಮಂದಿ ರೋಗಿಯ ಹತ್ತಿರವಿದ್ದರೆ 9 ಮಂದಿಗೆ ಅಂಟುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿಗೆ ದಡಾರದ ಲಸಿಕೆಯನ್ನು ಹಾಕುವಂತಿಲ್ಲ, ಏಕೆಂದರೆ ಅದು ಜೀವಂತ ವಿಷಾಣುವನ್ನು ದುರ್ಬಲಗೊಳಿಸಿ ಮಾಡಿದ್ದು. ಹಾಗಾಗಿ ಆ ಮಗುವಿನ ರಕ್ಷಣೆ ಸುತ್ತಲಿನವರು ಹಾಕಿಸಿಕೊಂಡ ಲಸಿಕೆಯಲ್ಲಿದೆ. ನಮ್ಮ ರಾಜ್ಯದಲ್ಲಿ 2017ರಿಂದ ದಡಾರ-ರುಬೆಲ್ಲಾ ಲಸಿಕೆಯನ್ನು 9 ತಿಂಗಳು ತುಂಬಿದಾಗ ಒಮ್ಮೆ, ಒಂದೂವರೆ ವರ್ಷದ ಸುಮಾರಿಗೆ ಮತ್ತೊಮ್ಮೆ ಉಚಿತವಾಗಿ ನೀಡುತ್ತಾರೆ. ಮನೆಯ ಉಳಿದ ಮಕ್ಕಳಿಗೆ ಎರಡೂ ಆಗಿವೆಯೇ ಎಂದು ತಾಯಿ ಕಾರ್ಡನ್ನು ತೆಗೆದು ನೋಡಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಬಾಯಿಗೆ ಹಾಕುವ ಪೋಲಿಯೊ ಹನಿಯಲ್ಲಿಯೂ ಜೀವಂತ ವಿಷಾಣುವಿದ್ದು, ಅದು ಮಲದ ಮೂಲಕ ಹೊರಬರುತ್ತದೆ. ಮನೆಯಲ್ಲಿ ಇಂಥ ರೋಗಿಯಿದ್ದರೆ ಚಿಕ್ಕ ಮಗುವಿಗೆ ಚುಚ್ಚುಮದ್ದಿನ ಪೋಲಿಯೊ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಬೇಕು.

ಅನಾಹೈಮಿನ ಮಾತನ್ನು ಇಷ್ಟು ವಿಸ್ತಾರವಾಗಿ ಬರೆಯಲು ಬೇರೊಂದು ಕಾರಣವೂ ಇದೆ. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗುವ ಅಜ್ಜಿ ತಾತಂದಿರು ನಮ್ಮ ಭಕ್ತರಲ್ಲಿ ಈಗ ಬಹಳ. ಮಕ್ಕಳು ಪ್ರೀತಿಯಿಂದ ಡಿಸ್ನಿಲ್ಯಾಂಡಿಗೆ ಕರೆದೊಯ್ಯುತ್ತಾರೆ. ಮಂಡಿನೋವಿಗೆ ಸ್ಟೀರಾಯ್ಡ್ ನುಂಗುತ್ತಿರುವ ಸಂಗತಿಯನ್ನು ಅಜ್ಜಿ ಅಳಿಯನಿಗೆ ಹೇಳಿರುವುದಿಲ್ಲ!

ನೀರಿನ ಆಟಗಳ ಅಪಾಯ ಬೇರೆಯದು. ಕ್ಲೋರಿನ್ ಹಾಕಿರುತ್ತಾರಲ್ಲ, ಭಯವೇನು ಎಂದು ನಾವೂ ಭಾವಿಸಿದ್ದೆವು. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ ನೀರಿನಲ್ಲಿ ಭೇದಿ ತರುವ ಇ-ಕೊಲೈ ಒಂದು ನಿಮಿಷದೊಳಗೆ ಸಾಯುತ್ತದೆ. ಕಾಮಾಲೆಯ ಹೆಪಟೈಟಿಸ್-ಎ ವಿಷಾಣುವಿಗೆ ಸುಮಾರು 16 ನಿಮಿಷ, ಜಿಯಾರ್ಡಿಯಾಕ್ಕೆ 45 ನಿಮಿಷ ಬೇಕು. ಆದರೆ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಅದೇ ನೀರಿನಲ್ಲಿ 10 ದಿನಗಳಿಗೂ ಮೇಲೆ ಬದುಕುತ್ತದೆ. ಭೇದಿಯಿರುವ ಒಂದು ಮಗು ಅಲೆಗಳ ಕೊಳಕ್ಕೆ ಇಳಿದರೆ ಸಾಕು. ನೀರನ್ನು ಬಾಯಿಗೆಳೆದುಕೊಂಡು ಉಗುಳುವ ಉಳಿದ ಮಕ್ಕಳಿಗೆ ಅದು ತಲುಪುತ್ತದೆ. ಗಟ್ಟಿಮುಟ್ಟಾದವರಿಗೆ ಒಂದೆರಡು ವಾರದ ನೀರುಭೇದಿಯಾಗಿ ನಿಲ್ಲುವ ರೋಗವು ಬಲ ಕುಂದಿದವರಲ್ಲಿ ತಿಂಗಳುಗಟ್ಟಲೆ ಎಳೆದು ಪ್ರಾಣಕ್ಕೇ ಎರವಾಗಬಹುದು. ಎದೆಯಲ್ಲಿ ಔಷಧಿಯ ನಳಿಕೆಯನ್ನು ಹೊರಚಾಚಿಕೊಂಡಿರುವವರಂತೂ ಕೊಳದ ಹತ್ತಿರವೂ ಸುಳಿಯಬಾರದು. ನೆನೆದ ಮುಖಗವಸು ಕೆಲಸಕ್ಕೆ ಬಾರದೆಂಬುದೂ ನೆನಪಿರಲಿ. ಒಟ್ಟಿನಲ್ಲಿ ನೀರಿನ ಆಟದ ಬಗ್ಗೆ ನಮ್ಮ ಹಳೆಯ "ಬೇಡ" ಹಾಗೆಯೇ ಉಳಿದಿದೆ.

ಒಣ ಆಟಗಳ ವಿಷಯದಲ್ಲಿ ತಜ್ಞರು ನಮ್ಮನ್ನು ತಿದ್ದಿದರು. ಅವರು ಕೇಳಿದ್ದು ಎರಡೇ ಪ್ರಶ್ನೆ: ಹುಡುಗನ ರಕ್ತದ ಎಣಿಕೆ ಎಷ್ಟು, ಹೋಗುವುದು ಯಾವ ದಿನ? ಸೋಂಕನ್ನು ಎದುರಿಸುವ ನ್ಯೂಟ್ರೊಫಿಲ್ ಕಣಗಳು 500ಕ್ಕಿಂತ ಕೆಳಗಿದ್ದರೆ ಮನೆಯಿಂದ ಹೊರಡುವ ಮಾತೇ ಇಲ್ಲ. ಚುಚ್ಚುಮದ್ದಿನ ಕೀಮೊ ಪಡೆಯುವವರಲ್ಲಿ ಅದಾದ 7ರಿಂದ 14ನೇ ದಿನಗಳಲ್ಲಿ ಎಣಿಕೆ ಅತಿ ಕೆಳಗಿರುತ್ತದೆ. ಕಸಿಯವರಿಗೆ ಮೊದಲ 6 ತಿಂಗಳು ಬಲು ಸೂಕ್ಷ್ಮ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಇಳಿದಿದ್ದರೆ ಕುಲುಕಿ ತಿರುಗಿಸುವ ಆಟಗಳಿಂದ ಒಳಗೇ ರಕ್ತಸ್ರಾವವಾಗುವ ಭಯವಿದೆ. ಇವೆಲ್ಲ ಸರಿಯಾಗಿದ್ದರೆ, ರಜೆಯಲ್ಲದ ವಾರದ ದಿನ, ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಜನ ಸೇರುವಷ್ಟರಲ್ಲಿ ಹಿಂದಿರುಗಬಹುದೆಂದರು.

ಅದಕ್ಕೂ ಕಟ್ಟುಪಾಡುಗಳಿವೆ. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಗವಸು ಬೇಕು, ಬಟ್ಟೆಯದು ಸಾಲದು. ಮುಚ್ಚಿದ ಮಂದಿರಗಳನ್ನು ಬಿಟ್ಟು ಬಯಲಿನ ಆಟಗಳನ್ನೇ ಆರಿಸಿಕೊಳ್ಳಬೇಕು. ತುಂತುರು ಚಿಮ್ಮುವ ಕಾರಂಜಿ, ಮಂಜು ಎರಚುವ ಫ್ಯಾನುಗಳಿಂದ ದೂರವಿರಬೇಕು, ಸರಿಯಾಗಿ ಶುಚಿಯಿಡದ ಇಂಥ ನೀರಿನಲ್ಲಿ ಶ್ವಾಸಕೋಶಕ್ಕೆ ತಗಲುವ ಲೆಜಿಯೊನೆಲ್ಲಾ ಬೆಳೆಯುತ್ತದೆ. ಕಟ್ಟಡದ ಕೆಲಸ ನಡೆಯುವ ಕಡೆಯ ಧೂಳಿನಲ್ಲಿ ಬೂಷ್ಟಿನ ಕಣಗಳಿರುತ್ತವೆ. ಊಟ ಮನೆಯದೇ ಆಗಲಿ. ಬಿಸಿಯಾಗಿ ಕಟ್ಟಿದ ಚಪಾತಿ ಪಲ್ಯ, ಕುದಿಸಿ ಆರಿಸಿದ ನೀರು ಸಾಕು; ಹೆಚ್ಚಿಟ್ಟ ಹಣ್ಣು, ಕಬ್ಬಿನ ಹಾಲು, ಐಸ್, ಪಾನಿಪುರಿ ಯಾವುದೂ ಬೇಡ. ಕಸಿಯ ಔಷಧಿಗಳು ಚರ್ಮದ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುವುದರಿಂದ ಅವರು ತುಂಬುತೋಳಿನ ಅಂಗಿ, ಟೋಪಿ ಇಲ್ಲದೆ ಬಿಸಿಲಿಗೆ ಹೋಗಬಾರದು.

ಈ ಮಾತುಗಳು ಥೀಮ್ ಪಾರ್ಕಿಗಷ್ಟೇ ಅಲ್ಲವೆಂದು ಓದುಗರಿಗೆ ಈಗಾಗಲೇ ಹೊಳೆದಿರಬಹುದು. ನಮ್ಮ ಜಾತ್ರೆಯ ರಥೋತ್ಸವದ ದಿನ ಸೇರುವ ಜನಸಾಗರಕ್ಕೆ ಬೇರೆ ನಿಯಮವಿಲ್ಲ. ಇಂಥ ರೋಗಿಗಳು ತೇರಿನ ದಿನವನ್ನು ಬಿಟ್ಟು ಬೇರೊಂದು ದಿನ ಗದ್ದುಗೆಯ ದರ್ಶನ ಮಾಡಿದರೆ ಯಾವ ಲೋಪವೂ ಇಲ್ಲ.

ಹಿಂದಿರುಗಿದ ಮೇಲೆ ಎರಡು ವಾರ ಎಚ್ಚರವಿರಬೇಕು. ಮನೆಯಲ್ಲಿ ಜ್ವರಮಾಪಕ ಇರಲೇಬೇಕು. ಕಾವು 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಬೆಳಗಾಗಲೆಂದು ಪ್ಯಾರಸಿಟಮಾಲ್ ಕೊಟ್ಟು ಕಾಯುವುದು, ಕಷಾಯ ಕುಡಿಸಿ ಬೆವರಿಳಿಸುವುದು ಇವರ ವಿಷಯದಲ್ಲಿ ಸಲ್ಲದು. ಜ್ವರ ಇಳಿದಂತೆ ಕಂಡರೂ ಸೋಂಕು ರಕ್ತದಲ್ಲಿ ಏರುತ್ತಿರುತ್ತದೆ. ಅಲ್ಲಿ ದಡಾರದವರೋ ಚಿಕನ್‌ಪಾಕ್ಸ್‌ನವರೋ ಇದ್ದರೆಂದು ಆಮೇಲೆ ತಿಳಿದರೆ ಜ್ವರ ಬರುವವರೆಗೂ ಕಾಯದೆ ಅಂದೇ ತಜ್ಞರಿಗೆ ಹೇಳಬೇಕು. ದಡಾರಕ್ಕೆ 6 ದಿನಗಳೊಳಗೆ, ಚಿಕನ್‌ಪಾಕ್ಸ್‌ಗೆ 10 ದಿನಗಳೊಳಗೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ರೋಗವನ್ನು ತಡೆಯಬಲ್ಲದು ಅಥವಾ ತಗ್ಗಿಸಬಲ್ಲದು. ಆ ಗಡುವು ಮೀರಿದ ಮೇಲೆ ಬಂದವರಿಗೆ ಅದರಿಂದ ಪ್ರಯೋಜನ ಸಿಗುವುದಿಲ್ಲ.

ಶಾಲೆಗಳು ತೆರೆದು ಜನ ಕಡಿಮೆಯಾದ ಮೇಲೆ, ಜುಲೈ ತಿಂಗಳ ಒಂದು ಮಂಗಳವಾರ ಹುಡುಗನನ್ನು ಅವನ ತಂದೆತಾಯಿ ಕರೆದುಕೊಂಡು ಹೋದರು. ಹಿಂದಿನ ದಿನದ ರಕ್ತಪರೀಕ್ಷೆಯಲ್ಲಿ ನ್ಯೂಟ್ರೊಫಿಲ್ 1,200 ಇತ್ತು. ಮಧ್ಯಾಹ್ನ 1 ಗಂಟೆಯೊಳಗೆ ಹೊರಬಂದರು. ಎರಡು ವಾರಗಳಲ್ಲಿ ಜ್ವರವೇನೂ ಬರಲಿಲ್ಲ. ಕಳೆದ ತಿಂಗಳು ತಾತನ ಜೊತೆ ಬಂದಿದ್ದ ಅವನು ಯಾವ ಯಾವ ಆಟವಾಡಿದನೆಂದು ಅರ್ಧ ಗಂಟೆ ಹೇಳಿದ. ನೀರಿಗೆ ಇಳಿಯಬಾರದೆಂದದ್ದು ನಾವೇ ಎಂಬ ಸಿಟ್ಟು ಮಾತ್ರ ಅವನಿಗೆ ಇನ್ನೂ ಇದೆ. ಹೋಗುವಾಗ ನಮಗೆ ಶರಣು ಹೇಳಲಿಲ್ಲ.