ಚರ್ಚ್ ಕಚೇರಿಯ ವೆಬ್ ಆ್ಯಪ್‌ಗೆ ಯಾವ ಬೀಗ? ಲಾಗಿನ್ ವ್ಯವಸ್ಥೆ ಆರಿಸುವ ಮುನ್ನ



ಕುಟುಂಬಗಳ ವಿವರ, ದೀಕ್ಷಾಸ್ನಾನ ಮತ್ತು ಮದುವೆಯ ದಾಖಲೆ, ತಿಂಗಳ ವಂತಿಗೆ, ಇವೆಲ್ಲವನ್ನೂ ವೆಬ್ ಆ್ಯಪ್ ಒಂದರಲ್ಲಿ ಸೇರಿಸುವ ಕೆಲಸವನ್ನು ಧರ್ಮಕೇಂದ್ರಗಳು ಕೈಗೆತ್ತಿಕೊಳ್ಳುತ್ತಿವೆ. ಇಂಜಿನಿಯರಿಂಗ್ ಕಲಿತ ನಮ್ಮದೇ ಯುವಕರು ರಜೆಯಲ್ಲಿ ಕುಳಿತು ಉಚಿತವಾಗಿ ಮಾಡಿಕೊಡುತ್ತಾರೆ. ಅವರಿಗೆ ನಾವು ಋಣಿಗಳು. ಆದರೆ ಪಾಲನಾ ಮಂಡಳಿಯ ಸಭೆಯಲ್ಲಿ ಬಣ್ಣ ಯಾವುದು, ಚರ್ಚ್‌ನ ಫೋಟೊ ಎಲ್ಲಿರಬೇಕು ಎಂದು ಒಂದು ಗಂಟೆ ಚರ್ಚೆಯಾಗುತ್ತದೆ. "ಲಾಗಿನ್ ಹೇಗೆ?" ಎಂದು ಯಾರಾದರೂ ಕೇಳಿದರೆ "ಅದನ್ನು ಹುಡುಗರು ನೋಡಿಕೊಳ್ಳುತ್ತಾರೆ" ಎಂಬ ಉತ್ತರ ಬರುತ್ತದೆ. ಅಷ್ಟರಲ್ಲಿ ಚಹಾ ಬರುತ್ತದೆ, ಸಭೆ ಮುಗಿಯುತ್ತದೆ.

ನಾನು ಹಿಂದೆ ಸೇವೆ ಸಲ್ಲಿಸಿದ ಒಂದು ಕಡೆ 'ಅಡ್ಮಿನ್' ಎಂಬ ಒಂದೇ ಹೆಸರಿನಲ್ಲಿ ನಾಲ್ವರು ಲಾಗಿನ್ ಆಗುತ್ತಿದ್ದೆವು. ಪಾಸ್‌ವರ್ಡ್ ಬರೆದ ಚೀಟಿ ಕೀಬೋರ್ಡಿನ ಅಡಿಯಲ್ಲಿ. ಒಮ್ಮೆ ಮದುವೆಗೆಂದು ಪ್ರಮಾಣಪತ್ರ ಕೇಳಲು ಬಂದ ಹುಡುಗಿಯ ದಾಖಲೆಯಲ್ಲಿ ಹುಟ್ಟಿದ ತಾರೀಕೇ ಬದಲಾಗಿತ್ತು. ಹಳೆಯ ಪುಸ್ತಕ ಕಪಾಟಿನಲ್ಲಿದ್ದುದರಿಂದ ಸರಿಪಡಿಸಿದೆವು. ಬದಲಿಸಿದ್ದು ಯಾರು, ಯಾವಾಗ ಎಂದು ಮಾತ್ರ ತಿಳಿಯಲೇ ಇಲ್ಲ. ಗಣಕದ ಲೆಕ್ಕದಲ್ಲಿ ನಾವು ನಾಲ್ವರೂ ಒಬ್ಬನೇ ಮನುಷ್ಯ.

ಧರ್ಮಸಭೆಯ ಕಾನೂನು ಸಂಹಿತೆಯ 535ನೇ ವಿಧಿಯ ಪ್ರಕಾರ ಈ ಪುಸ್ತಕಗಳನ್ನು ಸರಿಯಾಗಿ ಬರೆದು ಜೋಪಾನವಾಗಿಡುವುದು ಮತ್ತು ಅವು ಹೊರಗಿನವರ ಕೈಗೆ ಸಿಗದಂತೆ ನೋಡಿಕೊಳ್ಳುವುದು ವಿಚಾರಣಾ ಗುರುಗಳ ಹೊಣೆ. ಪುಸ್ತಕಕ್ಕಾದರೆ ಕಪಾಟಿನ ಬೀಗ ಸಾಕು. ವೆಬ್ ಆ್ಯಪ್‌ನಲ್ಲಿ ಲಾಗಿನ್ ಎಂಬುದೇ ಆ ಬೀಗ. ಅದನ್ನು ಹುಡುಗರ ಮೇಲೆ ಬಿಟ್ಟು ಸುಮ್ಮನಿರಲಾಗದು.

ಮೊದಲ ಪರೀಕ್ಷೆಯನ್ನು ತಂತ್ರಜ್ಞಾನ ತಿಳಿಯದವರೂ ಮಾಡಬಹುದು. 'ಪಾಸ್‌ವರ್ಡ್ ಮರೆತಿದೆ' ಎಂಬುದನ್ನು ಒತ್ತಿ ನೋಡಿ. ನಿಮ್ಮ ಹಳೆಯ ಪಾಸ್‌ವರ್ಡನ್ನೇ ಇಮೇಲ್‌ನಲ್ಲಿ ಕಳುಹಿಸಿದರೆ ಆ ಆ್ಯಪ್ ಬೇಡ. ಪಾಸ್‌ವರ್ಡನ್ನು ಮತ್ತೆ ಓದಿ ತೆಗೆಯಬಹುದಾದ ರೂಪದಲ್ಲಿ ಅದು ಇಟ್ಟುಕೊಂಡಿದೆ ಎಂದೇ ಅರ್ಥ. 2009ರಲ್ಲಿ ಅಮೆರಿಕದ ರಾಕ್‌ಯೂ ಎಂಬ ಕಂಪೆನಿ ಹಾಗೆ ಇದ್ದದ್ದು ಇದ್ದ ಹಾಗೆ ಇಟ್ಟುಕೊಂಡಿದ್ದ ಸುಮಾರು 3 ಕೋಟಿ 20 ಲಕ್ಷ ಪಾಸ್‌ವರ್ಡ್‌ಗಳು ಕಳ್ಳರ ಪಾಲಾದವು. ಅವುಗಳಲ್ಲಿ ಅತಿ ಹೆಚ್ಚು ಜನ ಬಳಸಿದ್ದು 123456. ನಮ್ಮ ಚೀಟಿಯಲ್ಲಿದ್ದದ್ದೂ ಅದಕ್ಕಿಂತ ಬಹಳ ಜಾಣತನದ್ದೇನಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಸರಿಯಾದ ಕ್ರಮದಲ್ಲಿ ಪಾಸ್‌ವರ್ಡನ್ನು ಇಡುವುದೇ ಇಲ್ಲ, ಅದನ್ನು ಅರೆದು ಇಡುತ್ತಾರೆ. ಇದಕ್ಕೆ ಹ್ಯಾಷ್ ಎನ್ನುತ್ತಾರೆ. ದೋಸೆಗೆ ಅರೆದ ಹಿಟ್ಟಿನಿಂದ ಮತ್ತೆ ಅಕ್ಕಿ ತೆಗೆಯಲು ಬರುವುದಿಲ್ಲವಲ್ಲ, ಹಾಗೆ. ನೀವು ಲಾಗಿನ್ ಆಗುವಾಗ ಕೊಟ್ಟ ಪಾಸ್‌ವರ್ಡನ್ನು ಮತ್ತೆ ಅರೆದು, ಎರಡು ಹಿಟ್ಟೂ ಒಂದೇ ಎಂದು ಕಂಡರೆ ಬಾಗಿಲು ತೆರೆಯುತ್ತದೆ. ಆದರೆ ಒಂದೇ ಅಕ್ಕಿ ಹಾಕಿದವರ ಹಿಟ್ಟೂ ಒಂದೇ ಆಗುತ್ತದೆ. ಆದ್ದರಿಂದ ಒಬ್ಬೊಬ್ಬರ ಹಿಟ್ಟಿಗೂ ಬೇರೆ ಬೇರೆ ಉಪ್ಪು ಬೆರೆಸುತ್ತಾರೆ. ನಗಬೇಡಿ, ಗಣಕದವರು ಇದನ್ನು ಸಾಲ್ಟ್ ಎಂದೇ ಕರೆಯುತ್ತಾರೆ. ಲಿಂಕ್ಡ್‌ಇನ್ ಈ ಉಪ್ಪು ಹಾಕಿರಲಿಲ್ಲ. 2012ರಲ್ಲಿ ಅದರ ಸುಮಾರು 65 ಲಕ್ಷ ಹ್ಯಾಷ್‌ಗಳು ಬಯಲಾದವು. ಕದ್ದದ್ದು ಅದಕ್ಕಿಂತ ಎಷ್ಟೋ ಹೆಚ್ಚು, 11 ಕೋಟಿಗೂ ಮೀರಿ ಎಂದು ತಿಳಿದದ್ದು 2016ರಲ್ಲಿ. ಅರೆಯುವ ಯಂತ್ರ ನಿಧಾನವಾಗಿರುವುದೂ ಮುಖ್ಯ. ಕಳ್ಳನು ಕೋಟಿಗಟ್ಟಲೆ ಊಹೆಗಳನ್ನು ಅರೆದು ನೋಡಲು ಹೊರಟಾಗ ಅವನಿಗೆ ಕಾಲ ಸಾಲದೆ ಹೋಗಬೇಕು. 1999ರ ಬಿಕ್ರಿಪ್ಟ್ ಮತ್ತು 2015ರಲ್ಲಿ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಆಯ್ಕೆಯಾದ ಆರ್ಗಾನ್2 ಇದಕ್ಕೆಂದೇ ರೂಪಿಸಿದವು.

ಹಾಗೆಂದು ನಮ್ಮ ಯುವಕರು ಇದನ್ನೆಲ್ಲ ಸ್ವಂತ ಬರೆಯಬೇಕಾಗಿಲ್ಲ, ಬರೆಯಲೂ ಬಾರದು. ಜಾಂಗೋ, ಲಾರಾವೆಲ್‌ನಂತಹ ಫ್ರೇಮ್‌ವರ್ಕ್‌ಗಳಲ್ಲಿ ಪಾಸ್‌ವರ್ಡನ್ನು ಸರಿಯಾಗಿ ಇಡುವ ಭಾಗ ಸಿದ್ಧವಾಗಿಯೇ ಬರುತ್ತದೆ. ಜಗತ್ತಿನ ಸಾವಿರಾರು ಮಂದಿ ಪರೀಕ್ಷಿಸಿದ್ದನ್ನು ಬಿಟ್ಟು "ನಾನೇ ಮಾಡಿದೆ ಫಾದರ್" ಎನ್ನುವ ಹುಮ್ಮಸ್ಸನ್ನು ಬೇರೆ ಕಡೆ ತೋರಿಸಲಿ.

ಈಗ ಕುಟುಂಬದವರ ಲಾಗಿನ್ ವಿಷಯ. "ಮೊಬೈಲಿಗೆ ಒಟಿಪಿ ಬಂದರೆ ಮುಗಿಯಿತಲ್ಲ" ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಕರಾವಳಿಯಲ್ಲಿ ಅದು ಅಷ್ಟು ಸುಲಭವಲ್ಲ. ಭಾರತದಲ್ಲಿ ಆ್ಯಪ್‌ನಿಂದ ಎಸ್ಸೆಮ್ಮೆಸ್ ಕಳುಹಿಸಲು ಸಂಸ್ಥೆಯ ಹೆಸರನ್ನೂ ಸಂದೇಶದ ಮಾದರಿಯನ್ನೂ ಟೆಲಿಕಾಂ ಕಂಪೆನಿಗಳ ಬಳಿ ಮೊದಲೇ ನೋಂದಾಯಿಸಬೇಕು, ಪ್ರತಿ ಸಂದೇಶಕ್ಕೆ ದುಡ್ಡೂ ತೆರಬೇಕು. ಅದು ಹೋಗಲಿ. ದುಬೈ, ಕುವೈಟ್‌ನಲ್ಲಿರುವ ಮನೆಯ ಯಜಮಾನನ ಊರಿನ ಸಿಮ್ ರೀಚಾರ್ಜ್ ಇಲ್ಲದೆ ಸತ್ತಿರುತ್ತದೆ. ಹಾಗೆ ಸಂಪರ್ಕ ಕಡಿದ ಸಂಖ್ಯೆಯನ್ನು 90 ದಿನಗಳ ಬಳಿಕ ಕಂಪೆನಿ ಬೇರೆಯವರಿಗೆ ಕೊಡಬಹುದು. ಅಂದರೆ ಒಂದು ದಿನ ಯಾರೋ ಅಪರಿಚಿತರು ಅದೇ ಸಂಖ್ಯೆಯಿಂದ ಆ ಕುಟುಂಬದ ಪುಟವನ್ನು ತೆರೆದು ಮಕ್ಕಳ ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ ಎಲ್ಲವನ್ನೂ ಓದಬಹುದು. ಅಮೆರಿಕದ ಎನ್‌ಐಎಸ್‌ಟಿ ಎಂಬ ಸರಕಾರಿ ಸಂಸ್ಥೆ 2017ರಲ್ಲೇ ಎಸ್ಸೆಮ್ಮೆಸ್ ಒಟಿಪಿಯನ್ನು ನಿರ್ಬಂಧಿತ ವಿಧಾನಗಳ ಸಾಲಿಗೆ ಸೇರಿಸಿತು. ಆಗಾಗ ಪಾಸ್‌ವರ್ಡ್ ಬದಲಿಸಲು ಒತ್ತಾಯಿಸಬೇಡಿ, ಉದ್ದವಾಗಿರಲಿ ಎಂದು ಹೇಳಿದ್ದೂ ಅದೇ ದಾಖಲೆ.

'ಗೂಗಲ್ ಮೂಲಕ ಲಾಗಿನ್' ನನಗೆ ಇದಕ್ಕಿಂತ ಹಿಡಿಸಿದೆ. ಇಲ್ಲಿ ಪಾಸ್‌ವರ್ಡ್ ನಮ್ಮ ಸರ್ವರಿಗೆ ಬರುವುದೇ ಇಲ್ಲ. "ಇವರು ಇಂಥವರೇ ಹೌದು" ಎಂದು ಗೂಗಲ್ ಸಹಿ ಮಾಡಿದ ಪತ್ರ ಮಾತ್ರ ಬರುತ್ತದೆ. ಬೇರೆ ಧರ್ಮಕೇಂದ್ರಕ್ಕೆ ಮದುವೆಗೆ ಹೋಗುವವರಿಗೆ ನಾವು ಪತ್ರ ಕೊಡುತ್ತೇವಲ್ಲ, ಅದೇ ರೀತಿ. ನಮ್ಮಲ್ಲಿ ಇಲ್ಲದ್ದನ್ನು ಯಾರೂ ಕದಿಯಲಾರರು. ತೊಂದರೆ ಇಲ್ಲವೆಂದಲ್ಲ. ಅಜ್ಜಿಯ ಜಿಮೇಲ್ ತೆರೆದವನು ಮೊಮ್ಮಗ, ಅವನೀಗ ಬೆಂಗಳೂರಿನಲ್ಲಿ. ಅಂಥವರಿಗೆ ಗುರಿಕಾರರೋ ಕಚೇರಿಯವರೋ ಎದುರಿನಲ್ಲಿ ಕಂಡು ಗುರುತಿಸಿ ಖಾತೆಯನ್ನು ಸರಿಪಡಿಸುವ ದಾರಿ ಇರಬೇಕು. ಮುಖ ನೋಡಿ ಗುರುತಿಸುವ ಅನುಕೂಲ ದೊಡ್ಡ ಕಂಪೆನಿಗಳಿಗಿಲ್ಲ, ನಮಗಿದೆ.

ದಾಖಲೆ ತಿದ್ದುವ ಕಚೇರಿಯವರಿಗೆ ಇಷ್ಟು ಸಾಲದು. ಒಬ್ಬೊಬ್ಬರಿಗೆ ಒಂದೊಂದು ಖಾತೆ, ಅದರ ಮೇಲೆ ಎರಡನೆಯ ಬೀಗ. ಮೊಬೈಲ್‌ನ ಅಥೆಂಟಿಕೇಟರ್ ಆ್ಯಪ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಅಂಕೆ ತೋರಿಸುತ್ತದೆ. ಅದಕ್ಕೆ ಸಿಮ್ ಬೇಡ, ನೆಟ್‌ವರ್ಕ್ ಬೇಡ, ಖರ್ಚಿಲ್ಲ. ಘಟ್ಟದ ಬುಡದ ಚರ್ಚ್‌ಗಳಿಗೆ ಇದು ಹೇಳಿ ಮಾಡಿಸಿದಂತಿದೆ. 2022ರಿಂದ ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಪ್ರಚಾರ ಮಾಡುತ್ತಿರುವ ಪಾಸ್‌ಕೀ ಇನ್ನೂ ಭದ್ರ. ಬೆರಳಚ್ಚಿನಿಂದಲೇ ಕೆಲಸ ಮುಗಿಯುತ್ತದೆ, ನಕಲಿ ಪುಟಕ್ಕೆ ಮೋಸಹೋಗುವುದಿಲ್ಲ. ಆದರೆ ಕಚೇರಿಯ ಹಳೆಯ ಗಣಕದಲ್ಲಿ ಅದು ನಡೆಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಒಳಗೆ ಬಂದವರು ಯಾರು ಎಂಬುದು ಒಂದು ಪ್ರಶ್ನೆ, ಬಂದವರು ಏನೇನು ನೋಡಬಹುದು ಎಂಬುದು ಬೇರೆಯೇ ಪ್ರಶ್ನೆ. ಗುರಿಕಾರರಿಗೆ ತಮ್ಮ ವಾರ್ಡಿನ ಕುಟುಂಬಗಳು ಮಾತ್ರ ಕಾಣಲಿ. ವಂತಿಗೆಯ ಬಾಕಿ ಎಷ್ಟೆಂಬುದು ಗಾಯನ ಮಂಡಳಿಯವರಿಗೆ ಏಕೆ ಬೇಕು? ಪೂಜೆಯ ಸಮಯ, ಹಬ್ಬದ ಪ್ರಕಟಣೆಗಳಿಗಂತೂ ಲಾಗಿನ್ನೇ ಬೇಡ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. 18 ವರ್ಷದೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆಂದು ಕಾಯಿದೆ ಹೇಳುತ್ತದೆ. ಮಾಹಿತಿಯನ್ನು ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೂ ದಂಡ ವಿಧಿಸಲು ಅವಕಾಶವಿದೆ.

ಕೊನೆಗೆ, ಪಾಲನಾ ಮಂಡಳಿಯ ಅವಧಿ ಮುಗಿದ ದಿನ ಹಳಬರ ಲಾಗಿನ್ ಮುಚ್ಚುವವರು ಯಾರು ಎಂದು ಈಗಲೇ ಬರೆದಿಡಿ. ವರ್ಗಾವಣೆಯಾದ ಧರ್ಮಗುರುಗಳದ್ದೂ ಅದರಲ್ಲಿ ಸೇರಿರಲಿ. ಅಧಿಕಾರ ಹಸ್ತಾಂತರಿಸುವಾಗ ಕಪಾಟಿನ ಕೀಲಿಕೈ, ದಾಖಲೆ ಪುಸ್ತಕಗಳ ಪಟ್ಟಿಗೆ ಸಹಿ ಹಾಕುತ್ತೇವೆ. ಅದೇ ಹಾಳೆಯಲ್ಲಿ ಲಾಗಿನ್ ಇರುವವರ ಹೆಸರುಗಳಿಗೂ ಒಂದು ಸಾಲು ಬಿಡಿ.