ವಯಸ್ಸಾದಂತೆ ಸೊಂಟದ ಬಲ ಉಳಿಸಿಕೊಳ್ಳುವ ಬಗೆ

ಐವತ್ತು ದಾಟಿದ ಅನೇಕ ರೈತರು "ಮೊದಲಿನ ಹಾಗೆ ಮೂಟೆ ಎತ್ತಲಾಗುವುದಿಲ್ಲ, ಸೊಂಟ ಹಿಡಿದುಕೊಳ್ಳುತ್ತದೆ" ಎನ್ನುವುದುಂಟು. ಒಕ್ಕಣೆಯ ಕಾಲದಲ್ಲಿ ಮನೆಯ ಯಜಮಾನ ಎಂಟು ದಿನ ಮಲಗಿದರೆ ಆಗುವ ನಷ್ಟ ನಿಮಗೆ ತಿಳಿದದ್ದೇ. ಇದು ಬರೀ ಬೆನ್ನಿನ ದೋಷವಲ್ಲ. ಹೊಟ್ಟೆಯ ಒಳಪದರದ ಸ್ನಾಯುಗಳು ಸರಿಯಾಗಿ ಕೆಲಸ ಮಾಡದಿರುವುದೂ ಹಲವರಲ್ಲಿ ಒಂದು ಕಾರಣ. ಇದನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಹುದು.

ಒಳಪಟ್ಟಿಯ ಕೆಲಸ

ಹೊಟ್ಟೆಯ ಗೋಡೆಯಲ್ಲಿ ಸ್ನಾಯುಗಳು ಪದರಪದರವಾಗಿವೆ. ಹೊರಪದರಗಳು ಮೈಯನ್ನು ಬಗ್ಗಿಸುತ್ತವೆ, ತಿರುಗಿಸುತ್ತವೆ. ಎಲ್ಲಕ್ಕಿಂತ ಒಳಗಿರುವ ಅಡ್ಡಸ್ನಾಯು ನಡುಪಟ್ಟಿಯಂತೆ ಸೊಂಟವನ್ನು ಸುತ್ತಿಕೊಂಡಿದೆ. ಇದರ ಮೇಲ್ಗಡೆ ಉಸಿರಾಟದ ವಪೆ, ಕೆಳಗಡೆ ಮೂತ್ರಕೋಶಕ್ಕೆ ಆಸರೆಯಾದ ಸ್ನಾಯುಗಳು, ಹಿಂದೆ ಬೆನ್ನೆಲುಬಿನ ಮಣಿಗಳಿಗೆ ಅಂಟಿದ ಸಣ್ಣ ಸ್ನಾಯುಗಳು ಇವೆ. ಈ ನಾಲ್ಕೂ ಒಟ್ಟಿಗೆ ಬಿಗಿದಾಗ ಬೆನ್ನೆಲುಬಿಗೆ ಆಸರೆ ದೊರೆಯುತ್ತದೆ. ಬಿಗಿಯಾಗಿ ತುಂಬಿದ ಚೀಲ ನೆಟ್ಟಗೆ ನಿಲ್ಲುತ್ತದೆ, ಅರೆಬರೆ ತುಂಬಿದ್ದು ಕುಸಿಯುತ್ತದೆ. ಸೊಂಟದ ವಿಷಯವೂ ಹಾಗೆಯೇ.

1996ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ಆರೋಗ್ಯವಂತರು ಕೈ ಎತ್ತುವಾಗ ತೋಳಿನ ಸ್ನಾಯುವಿಗಿಂತ ಮೊದಲೇ ಈ ಒಳಪಟ್ಟಿ ಬಿಗಿದುಕೊಳ್ಳುತ್ತದೆ. ಸೊಂಟನೋವು ಇರುವವರಲ್ಲಿ ಅದು ತಡವಾಗಿ ಬಿಗಿಯುತ್ತದೆ.

ವಯಸ್ಸಾದಂತೆ ಆಗುವ ಬದಲಾವಣೆ

ನಡುವಯಸ್ಸಿನಿಂದ ಸ್ನಾಯುಗಳು ನಿಧಾನವಾಗಿ ಕರಗತೊಡಗುತ್ತವೆ. 60ರ ನಂತರ ಇದು ಚುರುಕಾಗುತ್ತದೆ. ಬೆನ್ನಿನ ಸಣ್ಣ ಸ್ನಾಯುಗಳ ಎಳೆಗಳ ನಡುವೆ ಕೊಬ್ಬು ಸೇರಿಕೊಳ್ಳುತ್ತದೆ. ಹೊಟ್ಟೆಯ ಒಳಪಟ್ಟಿಯು ಹೊರಪದರಗಳಷ್ಟು ತೆಳುವಾಗದಿದ್ದರೂ ನರಗಳ ಆಜ್ಞೆ ನಿಧಾನವಾಗುವುದರಿಂದ ಸಮಯಕ್ಕೆ ಸರಿಯಾಗಿ ಬಿಗಿಯಲಾರದು. ಆದುದರಿಂದಲೇ ಬದುವಿನ ಮೇಲೆ ಕಾಲು ಜಾರಿದಾಗ ಯುವಕ ಸಾವರಿಸಿಕೊಂಡರೆ ವಯಸ್ಸಾದವರು ಬಿದ್ದುಬಿಡುತ್ತಾರೆ.

"ದಿನವೂ ಹೊಲದಲ್ಲಿ ದುಡಿಯುವವನಿಗೆ ವ್ಯಾಯಾಮವೇಕೆ?" ಎಂದು ನೀವು ಕೇಳಬಹುದು. ಕಳೆ ಕೀಳುವಾಗ, ನಾಟಿ ಮಾಡುವಾಗ ಪೂರ್ತಿ ಬಗ್ಗಿದರೆ ಬೆನ್ನಿನ ಸ್ನಾಯುಗಳು ಸಡಿಲಗೊಂಡು ಭಾರವೆಲ್ಲ ಮಣಿಗಳನ್ನು ಕಟ್ಟಿಹಿಡಿದ ತಂತುಗಳ ಮೇಲೆ ಬೀಳುತ್ತದೆ. ಬಹಳ ಹೊತ್ತು ಹೀಗಿದ್ದರೆ ತಂತುಗಳೂ ಜಗ್ಗುತ್ತವೆ. ಅಂದರೆ ಮೈ ದಣಿದರೂ ಒಳಪಟ್ಟಿಗೆ ತಕ್ಕ ಅಭ್ಯಾಸ ದೊರೆಯುವುದಿಲ್ಲ.

ನಿತ್ಯದ ಅಭ್ಯಾಸ

ದಿನಕ್ಕೆ ಹದಿನೈದು ನಿಮಿಷ ಸಾಕು. ಉಸಿರು ಕಟ್ಟಬಾರದು. ಬಾಯಿಬಿಟ್ಟು ಎಣಿಸಿದರೆ ಉಸಿರು ತಾನಾಗಿ ಆಡುತ್ತದೆ.

1. ಚಾಪೆಯ ಮೇಲೆ ಅಂಗಾತ ಮಲಗಿ ಮಂಡಿ ಮಡಿಸಿರಿ. ಉಸಿರು ಬಿಡುತ್ತ ಹೊಕ್ಕುಳಿನ ಕೆಳಭಾಗವನ್ನು ಮೆಲ್ಲಗೆ ಒಳಕ್ಕೆಳೆದು ಹತ್ತು ಎಣಿಸಿರಿ. ಹೀಗೆ ಹತ್ತು ಸಲ.
2. ಅದೇ ಭಂಗಿಯಲ್ಲಿ ಸೊಂಟವನ್ನು ನೆಲದಿಂದ ಎತ್ತಿ ಐದು ಎಣಿಸಿ ಇಳಿಸಿರಿ. ಹತ್ತು ಸಲ.
3. ಅಂಗೈ, ಮಂಡಿ ಊರಿ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿರಿ. ಸೊಂಟ ಓಲಾಡಬಾರದು. ನಂತರ ಬದಲಿಸಿರಿ.
4. ಕಂಬದ ಪಕ್ಕದಲ್ಲಿ ನಿಂತು ಒಂದೊಂದೇ ಕಾಲಿನ ಮೇಲೆ ಹತ್ತು ಎಣಿಸುವಷ್ಟು ಹೊತ್ತು ನಿಲ್ಲಿರಿ.

ಇಷ್ಟು ವಯಸ್ಸಾದ ಮೇಲೆ ಏನು ಪ್ರಯೋಜನ ಎನ್ನಬೇಡಿರಿ. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 90ರ ಆಸುಪಾಸಿನ ವೃದ್ಧರು 8 ವಾರ ಭಾರ ಎತ್ತುವ ಅಭ್ಯಾಸ ಮಾಡಿ ಕಾಲಿನ ಬಲವನ್ನು ಎರಡು ಪಟ್ಟಿಗೂ ಮೀರಿ ಹೆಚ್ಚಿಸಿಕೊಂಡರು.

ಭಾರ ಎತ್ತುವ ಕ್ರಮ

ಇಲ್ಲಿ ಹಾರೆಯ ಲೆಕ್ಕವೇ ನಡೆಯುತ್ತದೆ. ಬೆನ್ನಿನ ಸ್ನಾಯುಗಳು ಬೆನ್ನೆಲುಬಿನ ತಿರುಗುಬಿಂದುವಿನಿಂದ ಸುಮಾರು 5 ಸೆಂ.ಮೀ. ದೂರದಲ್ಲಿ ಎಳೆಯುತ್ತವೆ. 10 ಕಿಲೋ ಭಾರವನ್ನು 50 ಸೆಂ.ಮೀ. ಮುಂದೆ ಹಿಡಿದರೆ ಅವು 100 ಕಿಲೋ ಭಾರಕ್ಕೆ ಸಮನಾಗಿ ಎಳೆಯಬೇಕು. ಮೈಗೆ ಒತ್ತಿ 25 ಸೆಂ.ಮೀ.ಗೆ ತಂದರೆ ಅದರ ಅರ್ಧ ಸಾಕು. ಆದ್ದರಿಂದ ಮಂಡಿ ಮಡಿಸಿ, ಹೊಟ್ಟೆಯನ್ನು ಮೊದಲು ಬಿಗಿದು, ಭಾರವನ್ನು ಮೈಗೆ ಒತ್ತಿ ಎತ್ತಿರಿ. ಎತ್ತಿದ ಮೇಲೆ ಸೊಂಟ ತಿರುಚದೆ ಕಾಲು ತಿರುಗಿಸಿರಿ. ಬಹಳ ಹೊತ್ತು ಬಗ್ಗಿ ಕೆಲಸ ಮಾಡಿದ ಕೂಡಲೇ ಮೂಟೆಗೆ ಕೈ ಹಾಕದೆ ಕೆಲವು ನಿಮಿಷ ನೆಟ್ಟಗೆ ನಿಲ್ಲಿರಿ, ಓಡಾಡಿರಿ. ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಹೆಣ್ಣಾಳಿಗೆ ಇದಕ್ಕಿಂತ ಬಹಳ ಕಡಿಮೆ ಇರಬೇಕು. ವಯಸ್ಸಾದವರು ಮೂಟೆಯನ್ನು ಎರಡು ಪಾಲು ಮಾಡುವುದು, ಇಲ್ಲವೇ ಇಬ್ಬರು ಹಿಡಿಯುವುದು ಲೇಸು.

ಆಹಾರ

ಸ್ನಾಯು ಬೆಳೆಯಲು ಸಸಾರಜನಕ ಅತ್ಯವಶ್ಯ. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಬೇಕು. ಮುದ್ದೆ, ಅನ್ನಗಳ ಜೊತೆಗೆ ಹುರುಳಿ, ಅವರೆ, ತೊಗರಿ, ಹಾಲು, ಮೊಟ್ಟೆಗಳನ್ನು ಬಳಸಿರಿ. ಬೆಳೆದ ಕಾಳನ್ನೆಲ್ಲ ಸಂತೆಗೆ ಕಳಿಸದೆ ಮನೆಗೂ ಉಳಿಸಿಕೊಳ್ಳಿರಿ.

ಎಚ್ಚರಿಕೆ

ಕಾಲಿಗೆ ಜೋಮು ಅಥವಾ ನಿಶ್ಶಕ್ತಿ ಬಂದರೆ, ನೋವಿನೊಡನೆ ಜ್ವರವಿದ್ದರೆ, ಬಿದ್ದ ನಂತರ ನೋವು ಬಂದರೆ ಕೂಡಲೇ ವೈದ್ಯರಿಗೆ ತೋರಿಸಿರಿ. ಮಲಮೂತ್ರದ ಹಿಡಿತ ತಪ್ಪಿದರೆ ಒಂದು ಗಳಿಗೆಯೂ ತಡಮಾಡಬಾರದು. ಹರ್ನಿಯಾ ಇರುವವರು, ಶಸ್ತ್ರಚಿಕಿತ್ಸೆ ಆದವರು, ರಕ್ತದೊತ್ತಡ ಹೆಚ್ಚಿರುವವರು ವೈದ್ಯರನ್ನು ಕೇಳಿಯೇ ಅಭ್ಯಾಸ ಆರಂಭಿಸಬೇಕು.

ಕೊಯ್ಲಿಗೆ ಎರಡು ತಿಂಗಳು ಇರುವಾಗಲೇ ಈ ಅಭ್ಯಾಸ ತೊಡಗಿದರೆ ಮೂಟೆ ಎತ್ತುವ ಹೊತ್ತಿಗೆ ಸೊಂಟವೂ ಸಿದ್ಧವಾಗಿರುತ್ತದೆ.